ಹೌದು, ಅದು ವಿಷವೇ. ಅದಕ್ಕೇ ಕೊಡೋದು!

ಮೊನ್ನೆ ಭಾನುವಾರ ಊರಿಂದ ಬಂದಿದ್ದ ದೊಡ್ಡಪ್ಪ ಕಾಫಿ ಲೋಟ ಕೆಳಗಿಡುತ್ತಾ ತೀರ್ಪು ಕೊಟ್ಟೇಬಿಟ್ಟರು. "ಕೀಮೋ ಅಂದ್ರೆ ವಿಷ ಕಣಮ್ಮಾ. ರಕ್ತ ಸರಿಹೋಯ್ತಲ್ಲ, ಇನ್ನೂ ಎಷ್ಟು ಅಂತ ಮಗೂಗೆ ಚುಚ್ಚಿಸ್ತೀಯ? ನಿಲ್ಸಿಬಿಡು. ಪ್ರಕೃತಿಯಲ್ಲಿ ಎಲ್ಲಕ್ಕೂ ಮದ್ದಿದೆ."

ಅಕ್ಕ ಮಾತಾಡಲಿಲ್ಲ. ಅವಳ ಆರು ವರ್ಷದ ಮಗನಿಗೆ ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ತಲೆ ಬೋಳಾಗಿದೆ, ನಡೆಯುವಾಗ ಕಾಲು ಎಡವುತ್ತೆ. ಅವಳ ಮೌನದಲ್ಲಿ "ಹೌದೇನೋ.." ಅನ್ನೋ ಅನುಮಾನ ಕಂಡು ನನಗೆ ನಿಜಕ್ಕೂ ಭಯ ಆಯ್ತು. ದೊಡ್ಡಪ್ಪನ ಎದುರು ಮಾತಾಡಿ ಅಭ್ಯಾಸವಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಆ "ಪ್ರಕೃತಿ"ಯ ವಿಷಯ. ಹುಡುಗನಿಗೆ ಕೊಡ್ತಿರೋ ಔಷಧಿಗಳಲ್ಲಿ ಒಂದರ ಹೆಸರು ವಿನ್‌ಕ್ರಿಸ್ಟಿನ್. ಅದು ಬಂದಿದ್ದು ಎಲ್ಲಿಂದ ಗೊತ್ತಾ? ದೊಡ್ಡಪ್ಪನ ಮನೆಯ ಅಂಗಳದಲ್ಲೇ ಇರೋ ನಿತ್ಯಪುಷ್ಪದ ಗಿಡದಿಂದ! ಕಾಶಿ ಕಣಗಿಲೆ ಅಂತಾರಲ್ಲ, ಅದೇ. ಗಿಡದ ಮೂಲ ಮಡಗಾಸ್ಕರ್. ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೇದು ಅನ್ನೋ ನಂಬಿಕೆ ಜಮೈಕಾದಲ್ಲಿತ್ತು. 1950ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷೆ ಮಾಡಿದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಬಿಳಿ ರಕ್ತಕಣ ಮಿತಿಮೀರೋ ರೋಗವೇ ತಾನೆ ಲುಕೇಮಿಯಾ? ಅವರಿಗೆ ಸಿಕ್ಕಿದ್ದು ವಿನ್‌ಬ್ಲಾಸ್ಟಿನ್. ಅದರ ತಮ್ಮ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಹಾಗಂತ ಎಲೆ ಅಗಿಯೋಕೆ ಹೋಗಬೇಡಿ ಸ್ವಾಮಿ! ಒಣಗಿದ ಎಲೆಯಲ್ಲಿ ಈ ಔಷಧಿ ಲಕ್ಷಕ್ಕೆ ಒಂದು ಪಾಲೂ ಇರಲ್ಲ. ಜೊತೆಗಿರೋ ಹತ್ತಾರು ಬೇರೆ ರಾಸಾಯನಿಕಗಳಿಗೆ ಲೆಕ್ಕವಿಲ್ಲ. ಆಸ್ಪತ್ರೆಯಲ್ಲಾದರೆ ಮೈಯ ಅಳತೆ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಲ್ಲ.

ಇನ್ನು ವಿಷದ ಮಾತು. ಒಂದು ಜೀವಕೋಶ ಎರಡಾಗಬೇಕಾದರೆ ತನ್ನ ವರ್ಣತಂತುಗಳನ್ನು ಎರಡು ಸಮಪಾಲು ಮಾಡಬೇಕು. ಅವನ್ನು ಆಚೆಗೊಂದು ಈಚೆಗೊಂದು ಎಳೆಯೋಕೆ ಸಣ್ಣ ನಳಿಕೆಗಳ ಹಗ್ಗ ಕಟ್ಟಿಕೊಳ್ಳುತ್ತೆ. ಆ ನಳಿಕೆಯ ಇಟ್ಟಿಗೆ ಟ್ಯೂಬುಲಿನ್ ಅನ್ನೋ ಪ್ರೋಟೀನ್. ವಿನ್‌ಕ್ರಿಸ್ಟಿನ್ ಹೋಗಿ ಈ ಇಟ್ಟಿಗೆಗೇ ಅಂಟಿಕೊಳ್ಳುತ್ತೆ. ಇಟ್ಟಿಗೆ ಕೂಡಲ್ಲ, ಹಗ್ಗ ಆಗಲ್ಲ, ಕೋಶ ಅರ್ಧದಲ್ಲೇ ಸಿಕ್ಕಿಕೊಂಡು ಸಾಯುತ್ತೆ. ಎಡೆಬಿಡದೆ ಒಡೆಯೋ ಕ್ಯಾನ್ಸರ್ ಕೋಶಕ್ಕೆ ಏಟು ಜಾಸ್ತಿ. ಕೂದಲ ಬುಡದ ಕೋಶಗಳೂ ಬೇಗ ಒಡೆಯುತ್ತವೆ, ಅದಕ್ಕೇ ತಲೆ ಬೋಳು. ನರದೊಳಗೂ ಇದೇ ನಳಿಕೆಗಳು ಸಾಮಾನು ಸಾಗಿಸೋ ಹಳಿಗಳು, ಅದಕ್ಕೇ ಕಾಲು ಎಡವೋದು. ಔಷಧಿ ಮತ್ತು ಅಡ್ಡಪರಿಣಾಮ ಎರಡರ ಹಿಂದಿರೋದು ಒಂದೇ ಕೆಲಸ.

"ರಕ್ತ ಸರಿಹೋಯ್ತಲ್ಲ" ಅನ್ನೋದು ಎಲ್ಲಕ್ಕಿಂತ ಅಪಾಯದ ಮಾತು. ರೋಗ ಗೊತ್ತಾಗೋ ಹೊತ್ತಿಗೆ ಮೈಯಲ್ಲಿ ಸುಮಾರು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರಬಹುದು. ನೂರಕ್ಕೆ 99 ಸತ್ತರೂ ಉಳಿಯೋದು ಸಾವಿರ ಕೋಟಿ! ಟೆಸ್ಟ್ ಪಾಸಾಯ್ತು ಅಂದ ಮಾತ್ರಕ್ಕೆ ಬಗ್ ಇಲ್ಲ ಅಂತಲ್ಲ, ಇದು ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಆ ಉಳಿಕೆಯನ್ನು ಅಟ್ಟಿಸಿಕೊಂಡು ಹೋಗೋಕೇ ಎರಡು ಮೂರು ವರ್ಷದ ಚಿಕಿತ್ಸೆ. 1960ರ ದಶಕದ ಆರಂಭದಲ್ಲಿ ಈ ರೋಗ ಬಂದ ಮಕ್ಕಳಲ್ಲಿ ನೂರಕ್ಕೆ ಹತ್ತು ಜನವೂ ಉಳೀತಿರಲಿಲ್ಲ. ಈಗ ಮುಂದುವರಿದ ದೇಶಗಳಲ್ಲಿ ಸುಮಾರು 90 ಮಕ್ಕಳು ಉಳೀತಾರೆ. ಒಂದೇ ಔಷಧಿಯಿಂದಲ್ಲ, ಹಲವನ್ನು ಸೇರಿಸಿ, ಕೊನೇತನಕ ಕೊಟ್ಟಿದ್ದರಿಂದ.

ಪಾಪ, ದೊಡ್ಡಪ್ಪ ಕೆಟ್ಟವರಲ್ಲ. ಅವರ ಮೊಬೈಲಿಗೆ ಲಕ್ಷ್ಮಣಫಲದ ಮಹಿಮೆ ದಿನಾ ಅಚ್ಚಗನ್ನಡದಲ್ಲಿ ಬರುತ್ತೆ. ಡಾಕ್ಟರ ವಿವರಣೆ ಬರೋದು ಇಂಗ್ಲಿಷಿನಲ್ಲಿ, ಎರಡೇ ನಿಮಿಷ. ಸುಳ್ಳಿಗೆ ಕನ್ನಡ ಬರುತ್ತೆ, ನಿಜಕ್ಕೆ ಬರಲ್ಲ ಅಂದರೆ ಗೆಲ್ಲೋದ್ಯಾರು? ಹೂವು, ಮಳೆ, ಬಾಲ್ಯದ ಬಗ್ಗೆ ನಾವು ಸಾಕಷ್ಟು ಬರೆದಿದ್ದೀವಿ (ನಾನೂ ಸೇರಿ). ಸ್ವಲ್ಪ ಇದನ್ನೂ ಬರೆಯೋಣ.

ಅಂದಹಾಗೆ, ಇದನ್ನ ಮೊದಲು ಓದಿಸಿದ್ದು ಅಕ್ಕನಿಗೆ. ಗುರುವಾರದ ಇಂಜೆಕ್ಷನ್ ತಪ್ಪಿಸಲ್ಲ ಅಂದಿದ್ದಾಳೆ. ದೊಡ್ಡಪ್ಪನಿಗೆ ಓದಿಸೋ ಧೈರ್ಯ ಇನ್ನೂ ಬಂದಿಲ್ಲ..