ರಾಜ್ಯಶಾಸ್ತ್ರದ ತರಗತಿಯಲ್ಲಿ ಹಾಡು

ಚುನಾವಣೆ ಬಂತೆಂದರೆ ಹೆಮ್ಮಾಡಿಯ ಹೆದ್ದಾರಿಯಲ್ಲಿ ಮೈಕು ಕಟ್ಟಿದ ವಾಹನಗಳು ಹಾಡುತ್ತ ಸಾಗುತ್ತವೆ. ಮಟ್ಟು ಯಾವುದೋ ಚಲನಚಿತ್ರದ್ದು, ಮಾತು ಪಕ್ಷದ್ದು. ಅದನ್ನು ಕೇಳುತ್ತಲೇ ಕುಂದಾಪುರದ ಕಾಲೇಜಿಗೆ ಬಸ್ಸು ಹತ್ತಿದ ವಿದ್ಯಾರ್ಥಿ, ತರಗತಿಯಲ್ಲಿ ಕುಳಿತೊಡನೆ ಒಕ್ಕೂಟ ವ್ಯವಸ್ಥೆಯ ಲಕ್ಷಣಗಳನ್ನು ಬರೆದುಕೊಳ್ಳತೊಡಗುತ್ತಾನೆ. ಬೀದಿಯ ರಾಜಕೀಯಕ್ಕೂ ಪುಸ್ತಕದ ರಾಜ್ಯಶಾಸ್ತ್ರಕ್ಕೂ ನಂಟೇ ಇಲ್ಲವೆಂಬಂತೆ! ಜನಪ್ರಿಯ ಗೀತೆಗಳನ್ನು ಪದವಿ ತರಗತಿಯ ಪಾಠಕ್ಕೆ ತರಬೇಕೆಂಬ ಮಾತನ್ನು ನಾವು ಅನುಮೋದಿಸುವುದು ಈ ಕಾರಣದಿಂದ. ಆದರೆ ಹಾಡು ತೂಕಡಿಸುವವರನ್ನು ಎಚ್ಚರಿಸುವ ಉಪಾಯವಷ್ಟೇ ಆಗಬಾರದು. ಶಾಸನದಂತೆ, ಭಾಷಣದಂತೆ ಅದೂ ಪ್ರಶ್ನೆಗೊಳಗಾಗಬೇಕಾದ ದಾಖಲೆ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ಗೀತೆ ಮೊಳಗಿದಾಗ, ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ನಮ್ಮ ಕುಂದಾಪುರ ಮದರಾಸಿಗೆ. ಕನ್ನಡಿಗರ ಒಂದು ರಾಜ್ಯ ನಕ್ಷೆಯಲ್ಲಿರಲಿಲ್ಲ, ಹಾಡಿನಲ್ಲಿತ್ತು. ಅದು ಕಾನೂನಿನ ರೂಪ ತಾಳಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಕರ್ನಾಟಕವೆಂಬ ಹೆಸರಿಗೆ 1973ರವರೆಗೆ. ಅದೇ 1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು. ಆ ಸಂಕಟವನ್ನು ಕಯ್ಯಾರ ಕಿಞ್ಞಣ್ಣ ರೈಗಳು ಹಾಡಾಗಿಸಿದರು. ಆ ಹಾಡನ್ನೂ ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯನ್ನೂ ಒಟ್ಟಿಗೆ ಇಟ್ಟು ಓದಿಸಬೇಕು. ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರವನ್ನು ಸಂವಿಧಾನದ 3ನೆಯ ಅನುಚ್ಛೇದ ಸಂಸತ್ತಿಗೆ ಕೊಟ್ಟಿದೆ. ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಈ ಒಣ ವಾಕ್ಯದ ಕೆಳಗೆ ಎಷ್ಟು ಮನೆಗಳ ಮಾತು ಅಡಗಿದೆಯೆಂಬುದು ಆಗ ತಿಳಿಯುತ್ತದೆ. ಹಾಡಿನ ಕಾವು ವರದಿಯ ವಾದಕ್ಕೆ ಉತ್ತರವಾಗುವುದೇ ಎಂದೂ ಹುಡುಗರು ಕೇಳಲಿ; ಕೇಳಲೇಬೇಕು.

2004ರಲ್ಲಿ ನಾಡಗೀತೆಯಾದ ಕುವೆಂಪು ಕವಿತೆಯೂ ಇಂಥ ಪಾಠಕ್ಕೆ ಒದಗುತ್ತದೆ. ಭಾರತ ತಾಯಿ, ಕರ್ನಾಟಕ ಮಗಳು ಎಂಬ ಅದರ ಭಾವನೆ ಕೇಂದ್ರ-ರಾಜ್ಯ ಸಂಬಂಧದ ಒಂದು ವ್ಯಾಖ್ಯಾನವೇ ಸರಿ. ಅದರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಸರ್ಕಾರ 2022ರಲ್ಲಿ ಗೊತ್ತುಪಡಿಸಿತು. ಹಾಡಿನ ಮೇಲೆ ಸರ್ಕಾರದ ಹಕ್ಕು ಎಷ್ಟು?

ಇಂಪಾದ ಗೀತೆಗಳನ್ನಷ್ಟೇ ಆಯ್ದುಕೊಂಡರೆ ಪಾಠವು ಪ್ರಚಾರವಾದೀತು. ನಾಡನ್ನು ಹೊಗಳುವ ಹಾಡಿನ ಮಗ್ಗುಲಲ್ಲೇ, 1970ರ ದಶಕದಿಂದ ದಲಿತ ಚಳವಳಿಯ ಸಭೆಗಳಲ್ಲಿ ಜನ ಹಾಡುತ್ತ ಬಂದ ಸಿದ್ಧಲಿಂಗಯ್ಯನವರ ಹಾಡುಗಳೂ ಕೇಳಿಬರಲಿ. ಸ್ವಾತಂತ್ರ್ಯ ಯಾರ ಮನೆ ಮುಟ್ಟಿತೆಂದು ಅವು ಕೇಳುವ ಪ್ರಶ್ನೆಗೆ ಪಠ್ಯಪುಸ್ತಕದ ಹಕ್ಕುಗಳ ಪಟ್ಟಿ ಉತ್ತರ ಕೊಡಬಲ್ಲುದೇ ಎಂದು ತರಗತಿ ಚರ್ಚಿಸಲಿ.

ಅಧ್ಯಾಪಕರಿಗೆ ಕಂಠ ಚೆನ್ನಾಗಿರಬೇಕೆಂದೇನೂ ಇಲ್ಲ. ಆದರೆ ಪರೀಕ್ಷೆಯಲ್ಲಿ ಬರದ ವಿಷಯಕ್ಕೆ ಯಾವ ತರಗತಿಯಲ್ಲೂ ಸಮಯ ಸಿಗುವುದಿಲ್ಲ. ವಿಶ್ವವಿದ್ಯಾನಿಲಯಗಳು ಪ್ರಶ್ನೆಪತ್ರಿಕೆಯಲ್ಲಿ ಒಂದು ಹಾಡನ್ನೂ ಒಂದು ಶಾಸನವನ್ನೂ ಜೊತೆಗೆ ಕೊಟ್ಟು, ಇವೆರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ಕೇಳಲು ಮೊದಲು ಮನಸ್ಸು ಮಾಡಲಿ.