ಇಪ್ಪತ್ನಾಲ್ಕೂ ಸರಿ, ಎಂಬತ್ತೈದೂ ಸರಿ

ಚೆನ್ನೈಯ ಚೆಂಬರಂಬಾಕ್ಕಂ ಕೆರೆ ತುಂಬಿದಾಗ ನೀರಿನ ಮಟ್ಟ ಎಷ್ಟು? ಪತ್ರಿಕೆಗಳು 24 ಅಡಿ ಎನ್ನುತ್ತವೆ. ಜಲಮಂಡಳಿಯ ಪಟ್ಟಿಯಲ್ಲಿ 85.40 ಅಡಿ ಎಂದಿರುತ್ತದೆ. ಎರಡೂ ನಿಜ. ಮೊದಲನೆಯದು ನೀರಿನ ಆಳ, ಎರಡನೆಯದು ಸಮುದ್ರಮಟ್ಟದಿಂದ ಎತ್ತರ. ತೊಡಕು ಶುರುವಾಗುವುದು ಈ ಸಂಖ್ಯೆ ಕಂಪ್ಯೂಟರ್ ಮಾದರಿಯೊಳಗೆ ಹೋಗುವಾಗ.

ಮಟ್ಟ ಕೊಟ್ಟರೆ ಸಂಗ್ರಹ ಹೇಳುವ ಫಂಕ್ಷನ್ ಒಂದನ್ನು ಸ್ಟ್ಯಾನ್ ಭಾಷೆಯಲ್ಲಿ ಬರೆಯುತ್ತೀರಿ ಎನ್ನಿ. ಪ್ಯಾರಾಮೀಟರಿನ ಟೈಪ್ ಹೇಳಲೇಬೇಕು: ರಿಯಲ್, ಇಂಟ್, ವೆಕ್ಟರ್, ಹೀಗೆ. ಹೇಳದಿದ್ದರೆ ಕಂಪೈಲರ್ ಮುಂದೆ ಬಿಡುವುದಿಲ್ಲ. ಪೈಥಾನಿನಲ್ಲಾದರೆ ಬೇಕಿದ್ದರೆ ಬರೆಯಬಹುದು. ಬರೆದರೂ ಪ್ರೋಗ್ರಾಮ್ ಓಡುವಾಗ ಅದನ್ನು ಯಾರೂ ಕೇಳುವುದಿಲ್ಲ. ಸ್ಟ್ಯಾನ್‌ನ ಈ ಕಟ್ಟುನಿಟ್ಟು ನನಗೆ ಇಷ್ಟ. ಆದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ರಿಯಲ್ ಎಂದು ಬರೆದ ಫಂಕ್ಷನ್ 24ನ್ನೂ ನುಂಗುತ್ತದೆ, 85.40ನ್ನೂ ನುಂಗುತ್ತದೆ. ಡೇಟಾ ಘೋಷಿಸುವಾಗ ಕನಿಷ್ಠ, ಗರಿಷ್ಠ ಮಿತಿ ಹಾಕಬಹುದು. ಫಂಕ್ಷನ್ನಿನ ಪ್ಯಾರಾಮೀಟರಿಗೆ ಹಾಕುವಂತಿಲ್ಲ. ವೆಕ್ಟರಿನ ಉದ್ದವನ್ನೂ ಅಲ್ಲಿ ಹೇಳುವಂತಿಲ್ಲ. ಇದರಿಂದ ಎಷ್ಟು ಉದ್ದದ ವೆಕ್ಟರಿಗೂ ಒಂದೇ ಫಂಕ್ಷನ್ ಸಾಲುತ್ತದೆ, ಆ ಲಾಭವನ್ನು ಒಪ್ಪುತ್ತೇನೆ. ಮಿತಿಯ ವಿಚಾರದಲ್ಲಿ ಒಪ್ಪಲಾರೆ.

ಹರಿವಿನ ಲೆಕ್ಕ ಇನ್ನೂ ಅಪಾಯದ್ದು. 1,000 ಕ್ಯೂಸೆಕ್ಸ್ ನೀರು ಒಂದು ದಿನ ಹರಿದರೆ 86.4 ದಶಲಕ್ಷ ಘನ ಅಡಿ. ಚೆಂಬರಂಬಾಕ್ಕಂ ಹಿಡಿಯುವುದು 3,645 ದಶಲಕ್ಷ. ಕೆಆರ್‌ಎಸ್‌ನ ಟಿಎಂಸಿ ಲೆಕ್ಕ ರೂಢಿಯಾದ ನಮಗೆ ಅದು ನಾಲ್ಕು ಟಿಎಂಸಿಯೂ ಅಲ್ಲ. 2015ರ ಡಿಸೆಂಬರ್ 1ರ ರಾತ್ರಿ ಅಲ್ಲಿಂದ ಬಿಟ್ಟ ನೀರು 29,000 ಕ್ಯೂಸೆಕ್ಸ್ ಮುಟ್ಟಿತು. ಅಡಿಯಾರ್ ನದಿಯ ದಡದವರಿಗೆ ಆ ಸಂಖ್ಯೆಯ ಅರ್ಥ ಯಾರೂ ವಿವರಿಸಬೇಕಿಲ್ಲ. ಅದೇ ಸಂಖ್ಯೆಯನ್ನು ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಓದಿದರೆ ಪ್ರವಾಹ 35 ಪಟ್ಟಾಗುತ್ತದೆ. ರಿಯಲ್ ತುಟಿ ಪಿಟಕ್ಕೆನ್ನುವುದಿಲ್ಲ.

ಮಾಡೆಲಿಕಾ ಭಾಷೆ ಇಲ್ಲಿ ಒಂದು ಹೆಜ್ಜೆ ಮುಂದೆ. ಹರಿವು, ಘನಗಾತ್ರ, ಎತ್ತರ ಅಲ್ಲಿ ಬೇರೆ ಬೇರೆ ಹೆಸರಿನ ಟೈಪುಗಳು, ಅಳತೆಯ ಮಾನ ಜೊತೆಗೇ ಇರುತ್ತದೆ. ಆದರೂ ಆಳ, ಎತ್ತರ ಎರಡೂ ಉದ್ದವೇ ಆದ್ದರಿಂದ ನಮ್ಮ 24 ಮತ್ತು 85.40ರ ಗೊಂದಲ ಅದಕ್ಕೂ ಸಿಗುವುದಿಲ್ಲ. ಹ್ಯಾಸ್ಕೆಲ್‌ನಲ್ಲಿ ಎರಡನ್ನೂ ಬೇರೆ ಜಾತಿಯೇ ಎಂದು ಘೋಷಿಸಬಹುದು. ಮಾದರಿ ಬರೆಯುವ ಭಾಷೆಗಳಿಗೆ ಬೇಕಾದದ್ದು ಅದು.

ಕಾಮೆಂಟ್ ಬರೆದರೆ ಸಾಲದೇ ಎನ್ನುವವರಿದ್ದಾರೆ. ಕಾಮೆಂಟನ್ನು ಕಂಪೈಲರ್ ಓದುವುದಿಲ್ಲ. ಅವಸರದಲ್ಲಿ ಮನುಷ್ಯರೂ ಓದುವುದಿಲ್ಲ. ಸದ್ಯಕ್ಕೆ ಸ್ಟ್ಯಾನ್‌ನಲ್ಲಿ ಪ್ಯಾರಾಮೀಟರಿನ ಹೆಸರಿನಲ್ಲೇ ಆಳ, ಅಡಿ ಎರಡನ್ನೂ ಸೇರಿಸಿ, ಫಂಕ್ಷನ್ನಿನ ಮೊದಲ ಸಾಲಿನಲ್ಲಿ 30 ದಾಟಿದರೆ ರಿಜೆಕ್ಟ್ ಎಂದು ಬರೆಯಿರಿ. ಪೂಂಡಿ ಜಲಾಶಯಕ್ಕೆ ಒಯ್ಯುವಾಗ ಆ 30ನ್ನು ತಿದ್ದಬೇಕು. ಪೂಂಡಿ ತುಂಬುವುದು 35 ಅಡಿಗೆ.