ಹೊಳೆಯ ದಂಡೆಯ ಹಾದಿ

ಊರ ಹೊಳೆಯನ್ನು ಕಾಪಾಡಲು ಬೇಲಿ ಹಾಕಬೇಕೆಂದು ಹಲವರು ಹೇಳುವುದುಂಟು. ಬೇಲಿಗಿಂತ ಕಾಲುಹಾದಿಯೇ ಮೇಲೆಂಬುದು ನಮ್ಮ ಅಭಿಪ್ರಾಯ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ 'ವಾಟರ್ ಆಫ್ ಲೀತ್' ಎಂಬ ಕಿರುಹೊಳೆ ಇದಕ್ಕೆ ನಿದರ್ಶನ.

ಪೆಂಟ್‌ಲ್ಯಾಂಡ್ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 35 ಕಿಲೋಮೀಟರ್ ಹರಿದು, ಲೀತ್ ಬಂದರಿನಲ್ಲಿ ಅದು ಕಡಲನ್ನು ಸೇರುತ್ತದೆ. ಒಂದು ಕಾಲದಲ್ಲಿ ಅದರ ನೀರಿನ ಬಲದಿಂದ ಹಿಟ್ಟು, ಕಾಗದ, ಬಟ್ಟೆಯ 70ಕ್ಕೂ ಹೆಚ್ಚು ಗಿರಣಿಗಳು ನಡೆಯುತ್ತಿದ್ದವು. ದುಡಿಸಿಕೊಂಡ ಊರೇ ತನ್ನ ಕೊಳಕನ್ನೂ ಅದಕ್ಕೆ ಸುರಿಯಿತು. ಇಂದು ಬಲರ್ನೊ ಗ್ರಾಮದಿಂದ ಬಂದರಿನವರೆಗೆ ಸುಮಾರು 20 ಕಿಲೋಮೀಟರ್ ಕಾಲುಹಾದಿ ಹೊಳೆಯ ಜೊತೆಯಲ್ಲೇ ಸಾಗುತ್ತದೆ. 1943ರಲ್ಲಿ ಪ್ರಯಾಣಿಕರ ಸಂಚಾರ ನಿಂತ ರೈಲುಮಾರ್ಗದ ಜಾಡೇ ಮೇಲ್ಭಾಗದಲ್ಲಿ ಹಾದಿಯಾಗಿದೆ. ಅಲ್ಲಿ ಮರಗಳು ಕವಿದ ಕಣಿವೆ, ಕೆಳಗೆ ನಗರದೊಳಗೆ ಹಳೆಯ ಗಿರಣಿಗಳ ಡೀನ್ ವಿಲೇಜ್. 1988ರಲ್ಲಿ ಸ್ಥಾಪಿತವಾದ ಸಂರಕ್ಷಣಾ ಟ್ರಸ್ಟಿನ ಸ್ವಯಂಸೇವಕರು ನೀರಿಗಿಳಿದು ಕಸವನ್ನು ಎತ್ತುತ್ತಾರೆ.

ಹಾದಿಯಾದ ಮಾತ್ರಕ್ಕೆ ಹೊಳೆ ಶುದ್ಧವಾಗದು. ದುಡಿಯುವ ಕೈಗಳೂ ಬೇಕು ನಿಜ. ಆದರೆ ಕಣ್ಣಿಗೆ ಬೀಳದ ನೀರಿಗಾಗಿ ಯಾವ ಕೈ ತಾನೇ ಮುಂದಾದೀತು? ಹೊಳೆಗೆ ಬೆನ್ನು ತಿರುಗಿಸಿ ಮನೆ ಕಟ್ಟಿದವರಿಗೆ ಅದು ಚರಂಡಿಯಾಗಿಯೇ ಕಾಣುತ್ತದೆ. ಮಕ್ಕಳ ಕೈಹಿಡಿದು ದಿನವೂ ದಂಡೆಯಲ್ಲಿ ನಡೆಯುವವರಿಗೆ ಅದು ನೆರೆಯವನಂತೆ. ಅದಕ್ಕೆ ಕಸ ಎಸೆಯಲು ಅವರ ಕೈ ಹಿಂಜರಿಯುತ್ತದೆ.

ಭಾನುವಾರದ ಬಲಿಪೂಜೆಯ ಬಳಿಕ ನಮ್ಮ ಕುಟುಂಬಗಳು ತಮ್ಮೂರ ಹೊಳೆಯ ದಂಡೆಯವರೆಗೆ ಒಮ್ಮೆ ನಡೆದು ಹೋಗಲಿ. ಅಲ್ಲಿಗೆ ಹಾದಿಯೇ ಇಲ್ಲವೆಂದಾದರೆ, ನಾವು ಮೊದಲು ಕೇಳಬೇಕಾದುದು ಅದನ್ನೇ.